ವಿದ್ಯುತ್ ಗಿಟಾರುಗಳ ಕಾಲನಿರ್ಣಯ: ಕಾರ್ಖಾನೆಯ ಅಂಕಗಳ ಪ್ರಾಮಾಣ್ಯವಿಚಾರ

೧

ಒಂದು ವಸ್ತುವಿನ ಕಾಲವನ್ನು ನಿರ್ಣಯಿಸಬೇಕಾದಾಗ ಅದರ ಮೈಮೇಲಿನ ಬರಹಕ್ಕಿಂತ ಬಲವಾದ ಸಾಕ್ಷ್ಯವು ಮತ್ತೊಂದಿಲ್ಲವೆಂಬುದು ಲೋಕದ ನಂಬಿಕೆ. ಈ ನಂಬಿಕೆಯು ಎಷ್ಟರಮಟ್ಟಿಗೆ ನಿಲ್ಲತಕ್ಕದ್ದೆಂಬುದನ್ನು ಶಾಸನಗಳಲ್ಲಿ ಪರಿಶ್ರಮವುಳ್ಳವರು ಚೆನ್ನಾಗಿ ಬಲ್ಲರು. ಗಂಗರ ಹೆಸರಿನಲ್ಲಿರುವ ತಾಮ್ರಪಟಗಳಲ್ಲಿ ಹಲವನ್ನು ಫ್ಲೀಟ್ ಪಂಡಿತರು ಕೂಟಶಾಸನಗಳೆಂದು ತಳ್ಳಿಹಾಕಿದುದೂ, ಅದರಿಂದ ಬಹುಕಾಲ ವಾದವು ನಡೆದುದೂ ವಿದ್ವಾಂಸರಿಗೆ ವಿದಿತವೇ ಆಗಿದೆ. ಬರೆದಿದೆ ಎಂಬ ಮಾತ್ರದಿಂದ ಬರೆದುದು ನಿಜವಾಗಲಾರದು. ಬರೆದವನು ಯಾರು, ಯಾರು ಓದಲೆಂದು ಬರೆದನು, ಯಾವ ಪರಿಭಾಷೆಯಲ್ಲಿ ಬರೆದನು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವು ದೊರೆತ ಮೇಲೆಯೇ ಬರಹವು ಪ್ರಮಾಣದ ಪದವಿಗೆ ಏರುವುದು.

ಈ ನ್ಯಾಯವು ಪ್ರಾಚೀನವಸ್ತುಗಳಿಗೆ ಮಾತ್ರ ಸಲ್ಲುವುದೆಂದು ಭಾವಿಸಲಾಗದು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಅಮೆರಿಕಾ ಸಂಯುಕ್ತಸಂಸ್ಥಾನದ ಕಾರ್ಖಾನೆಗಳಲ್ಲಿ ಸಾವಿರಗಟ್ಟಲೆ ತಯಾರಾಗಿ ಹೊರಬಿದ್ದ ವಿದ್ಯುತ್ ಗಿಟಾರುಗಳಿಗೂ ಇದೇ ನ್ಯಾಯವು ಅನ್ವಯಿಸುತ್ತದೆ. ಯಂತ್ರದಲ್ಲಿ ತಯಾರಾದ ವಸ್ತುವಿಗೆ ಸಂಖ್ಯೆಯಿರುವುದು; ಸಂಖ್ಯೆಯಿದ್ದರೆ ಕಾಲವೂ ತಿಳಿಯುವುದು; ಇದರಲ್ಲಿ ಪಾಂಡಿತ್ಯಕ್ಕೆ ಅವಕಾಶವೆಲ್ಲಿ ಎಂಬ ಆಕ್ಷೇಪವು ಸಹಜವಾದುದೇ. ಆದರೆ ಆ ವಾದ್ಯಗಳನ್ನು ಐವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಪರಿಶೀಲಿಸುತ್ತ ಬಂದವರ ಅನುಭವವು ಇದಕ್ಕೆ ವಿರುದ್ಧವಾಗಿದೆ. ಹೊರಗೆ ಎದ್ದು ಕಾಣುವ ಸಂಖ್ಯೆಯು ಅನೇಕ ಪ್ರಸಂಗಗಳಲ್ಲಿ ಅತ್ಯಂತ ದುರ್ಬಲವಾದ ಸಾಕ್ಷಿಯೆಂದೂ, ಯಾರ ಕಣ್ಣಿಗೂ ಬೀಳಲೆಂದು ಬರೆಯದ ಸೀಸದಕಡ್ಡಿಯ ಗೀಚು ಪ್ರಬಲವಾದುದೆಂದೂ ಅವರು ಕಂಡುಕೊಂಡಿದ್ದಾರೆ.

ಇದು ಕೇವಲ ಕುತೂಹಲದ ವಿಷಯವೂ ಅಲ್ಲ. ೧೯೫೮ರಿಂದ ೧೯೬೦ರವರೆಗೆ ಗಿಬ್ಸನ್ ಕಾರ್ಖಾನೆಯು ತಯಾರಿಸಿದ ಲೆಸ್ ಪಾಲ್ ಸ್ಟ್ಯಾಂಡರ್ಡ್ ಎಂಬ ಗಿಟಾರು ಅಂದು ಮುನ್ನೂರು ಡಾಲರಿಗಿಂತಲೂ ಕಡಿಮೆ ಬೆಲೆಯದಾಗಿದ್ದು, ಇಂದು ಲಕ್ಷಗಟ್ಟಲೆ ಡಾಲರುಗಳಿಗೆ ಕೈಬದಲಾಗುತ್ತಿದೆ. ಒಂದು ಅಂಕದ ಬದಲಾವಣೆಯಿಂದ ಬೆಲೆಯು ಹತ್ತಾರು ಮಡಿ ಏರುವ ಕಡೆಯಲ್ಲಿ ಅಂಕವನ್ನು ತಿದ್ದುವವರು ಹುಟ್ಟದೆ ಇರಲಾರರು. ಆದುದರಿಂದ ಯಾವ ಗುರುತನ್ನು ಎಷ್ಟು ನಂಬಬೇಕೆಂಬ ಪ್ರಾಮಾಣ್ಯವಿಚಾರವು ಇಲ್ಲಿ ಅವಶ್ಯವಾಗಿ ಮಾಡತಕ್ಕದ್ದಾಗಿದೆ.

೨

ಮೊದಲು ವಾದ್ಯದ ಅಂಗಗಳನ್ನು ಸಂಕ್ಷೇಪವಾಗಿ ಹೇಳಬೇಕು. ಬಿರಡೆಗಳಿರುವ ತಲೆ, ಮೆಟ್ಟಿಲುಗಳನ್ನು ಕೂಡಿಸಿದ ದಂಡಿ, ಕುದುರೆಯನ್ನು ಹೊತ್ತ ಒಡಲು ಎಂಬ ಮೂರು ಭಾಗಗಳು ವೀಣೆಯಲ್ಲಿರುವಂತೆಯೇ ಇಲ್ಲಿಯೂ ಇವೆ. ಆದರೆ ಇಲ್ಲಿ ವಿಚಾರಿಸುವ ವಾದ್ಯಗಳಲ್ಲಿ ಹೆಚ್ಚಿನವುಗಳ ಒಡಲು ಟೊಳ್ಳಾಗಿರದೆ ಗಟ್ಟಿಯಾದ ಮರದ ಹಲಗೆಯಾಗಿದೆ. ನಾದವನ್ನು ಹಿಗ್ಗಿಸುವುದು ಮರವಲ್ಲ, ವಿದ್ಯುತ್ತು. ತಂತಿಗಳ ಕೆಳಗಿರುವ ಅಯಸ್ಕಾಂತವೂ ಅದರ ಸುತ್ತ ಸುತ್ತಿದ ತಾಮ್ರದ ತಂತಿಯೂ ಕೂಡಿ ಪಿಕಪ್ ಎನ್ನಿಸಿಕೊಳ್ಳುತ್ತವೆ. ಇದು ತಂತಿಗಳ ಕಂಪನವನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಆ ವಿದ್ಯುತ್ತಿನ ಪ್ರಮಾಣವನ್ನು ಹೆಚ್ಚುಕಡಿಮೆ ಮಾಡಲು ಪೊಟೆನ್ಷಿಯೋಮೀಟರ್ ಎಂಬ ಸಣ್ಣ ಉಪಕರಣಗಳು ಒಡಲಿನೊಳಗೆ ಅಡಗಿವೆ.

ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಪಟ್ಟಣದಲ್ಲಿ ರೇಡಿಯೋ ದುರಸ್ತಿಯ ಅಂಗಡಿಯನ್ನಿಟ್ಟಿದ್ದ ಲಿಯೋ ಫೆಂಡರ್ (೧೯೦೯–೧೯೯೧) ಎಂಬವನು ೧೯೪೬ರಲ್ಲಿ ತನ್ನ ಹೆಸರಿನ ಕಾರ್ಖಾನೆಯನ್ನು ನೆಲೆಗೊಳಿಸಿ, ೧೯೫೦ರಲ್ಲಿ ಗಟ್ಟಿಯೊಡಲಿನ ಗಿಟಾರನ್ನು ಮಾರಾಟಕ್ಕೆ ತಂದನು. ಅವನ ಸ್ಟ್ರ್ಯಾಟೋಕ್ಯಾಸ್ಟರ್ ೧೯೫೪ರಲ್ಲಿ ಹೊರಬಂದಿತು. ಫೆಂಡರನ ವಾದ್ಯಗಳಲ್ಲಿ ದಂಡಿಯನ್ನು ಒಡಲಿಗೆ ಅಂಟಿಸುವುದಿಲ್ಲ. ಒಂದು ಲೋಹದ ತಗಡನ್ನಿಟ್ಟು ತಿರುಪುಗಳಿಂದ ಬಿಗಿಯುತ್ತಾರೆ. ಮಿಷಿಗನ್ ಪ್ರಾಂತದ ಕಲಮಜೂ ಪಟ್ಟಣದಲ್ಲಿ ೧೯೦೨ರಲ್ಲಿ ಸ್ಥಾಪಿತವಾದ ಗಿಬ್ಸನ್ ಕಾರ್ಖಾನೆಯಲ್ಲಿಯಾದರೋ ದಂಡಿಯನ್ನು ಒಡಲಿಗೆ ಅಂಟಿನಿಂದಲೇ ಕೂಡಿಸುವ ಹಳೆಯ ಸಂಪ್ರದಾಯವು ಮುಂದುವರಿಯಿತು. ಈ ಭೇದವು ಕಾಲನಿರ್ಣಯಕ್ಕೆ ಬಹು ಮುಖ್ಯವಾದುದು. ತಿರುಪುಗಳಿಂದ ಬಿಗಿದುದನ್ನು ಬಿಚ್ಚಿ ನೋಡಬಹುದು. ಬಿಚ್ಚಿ ಬದಲಾಯಿಸಲೂ ಬಹುದು.

೩

ಫೆಂಡರ್ ವಾದ್ಯಗಳ ಅನುಕ್ರಮಸಂಖ್ಯೆಯು ಆರಂಭದಲ್ಲಿ ಕುದುರೆಯ ತಗಡಿನ ಮೇಲಿದ್ದು, ೧೯೫೪ರ ಸುಮಾರಿಗೆ ದಂಡಿಯನ್ನು ಬಿಗಿಯುವ ತಗಡಿಗೆ ಬಂದಿತು. ಈ ತಗಡುಗಳಲ್ಲಿ ಸಂಖ್ಯೆಗಳನ್ನು ಮೊದಲೇ ಅಚ್ಚೊತ್ತಿ ಪೆಟ್ಟಿಗೆಯಲ್ಲಿ ತುಂಬಿಡುತ್ತಿದ್ದರು. ಕೆಲಸಗಾರನು ಕೈಗೆ ಸಿಕ್ಕಿದ ತಗಡನ್ನು ತೆಗೆದು ಬಿಗಿಯುತ್ತಿದ್ದನು. ಆದುದರಿಂದ ಸಂಖ್ಯೆಯಲ್ಲಿ ಹಿಂದಿನದು ಕಾಲದಲ್ಲಿಯೂ ಹಿಂದಿನದಾಗಿರಬೇಕೆಂಬ ನಿಯಮವಿಲ್ಲ. ಇದಕ್ಕೆ ಪ್ರಸಿದ್ಧವಾದ ನಿದರ್ಶನವು ೦೦೦೧ ಎಂಬ ಸಂಖ್ಯೆಯುಳ್ಳ ಸ್ಟ್ರ್ಯಾಟೋಕ್ಯಾಸ್ಟರ್. ಇಂಗ್ಲೆಂಡಿನ ಸಂಗೀತಗಾರ ಡೇವಿಡ್ ಗಿಲ್ಮೋರನ ಬಳಿಯಲ್ಲಿದ್ದ ಈ ವಾದ್ಯವು ೨೦೧೯ರ ಹರಾಜಿನಲ್ಲಿ ಹದಿನೆಂಟು ಲಕ್ಷ ಡಾಲರಿಗೂ ಮೇಲ್ಪಟ್ಟ ಬೆಲೆಗೆ ಹೋಯಿತು. ೦೦೦೧ ಎಂದಿರುವುದರಿಂದ ಇದೇ ಮೊಟ್ಟಮೊದಲನೆಯ ಸ್ಟ್ರ್ಯಾಟೋಕ್ಯಾಸ್ಟರ್ ಎಂದು ಯಾರಾದರೂ ಊಹಿಸಬಹುದು. ಆದರೆ ಇದಕ್ಕೆ ಮುಂಚೆಯೇ ತಯಾರಾಗಿ ದೊಡ್ಡ ಸಂಖ್ಯೆಗಳನ್ನು ಧರಿಸಿದ ವಾದ್ಯಗಳಿವೆ.

೧೯೬೨ರ ಕೊನೆಯ ಭಾಗದಿಂದ ಸಂಖ್ಯೆಯ ಹಿಂದೆ ‘ಎಲ್’ ಎಂಬ ಅಕ್ಷರವು ಕಾಣಿಸಿಕೊಳ್ಳುತ್ತದೆ. ೧೯೬೫ರ ಜನವರಿಯಲ್ಲಿ ಸಿ. ಬಿ. ಎಸ್. ಎಂಬ ಪ್ರಸಾರಸಂಸ್ಥೆಯು ಒಂದು ಕೋಟಿ ಮೂವತ್ತು ಲಕ್ಷ ಡಾಲರುಗಳಿಗೆ ಕಾರ್ಖಾನೆಯನ್ನು ಕೊಂಡ ತರುವಾಯ ತಗಡಿನ ಮೇಲೆ ದೊಡ್ಡದಾದ ‘ಎಫ್’ ಅಕ್ಷರವು ಬಂದಿತು. ೧೯೭೬ರಲ್ಲಿ ಸಂಖ್ಯೆಯು ತಗಡನ್ನು ಬಿಟ್ಟು ತಲೆಗೆ ಏರಿತು. ಆಗಿನಿಂದ ಮೊದಲ ಅಕ್ಷರವು ದಶಕವನ್ನೂ ಮುಂದಿನ ಅಂಕವು ವರ್ಷವನ್ನೂ ಸೂಚಿಸುವ ಕ್ರಮವು ಬಹುಕಾಲ ನಡೆಯಿತು: ‘ಎಸ್’ ಎಂದರೆ ಎಪ್ಪತ್ತರ ದಶಕ, ‘ಇ’ ಎಂದರೆ ಎಂಬತ್ತರದು, ‘ಎನ್’ ಎಂದರೆ ತೊಂಬತ್ತರದು. ಹೀಗೆ ‘ಎಸ್ ೭’ ಎಂಬುದು ೧೯೭೭ನೆಯ ವರ್ಷವನ್ನು ಹೇಳುತ್ತದೆ. ಕ್ರಮವು ಇಷ್ಟು ಸ್ಪಷ್ಟವಾಗಿದ್ದರೂ ಕಾರ್ಖಾನೆಯ ಕೈತಪ್ಪುಗಳು ಉಂಟಾಗದೆ ಇರಲಿಲ್ಲ. ೧೯೯೯ಕ್ಕೆ ಸಲ್ಲಬೇಕಾದ ‘ಎನ್ ೯’ ಎಂಬ ಮುದ್ರೆಯು ೧೯೯೦ರ ಕೆಲವು ವಾದ್ಯಗಳಿಗೆ ಅಂಟಿಕೊಂಡಿತು. ಪ್ರತಿಕಾರನ ಸ್ಖಾಲಿತ್ಯವು ಓಲೆಗರಿಗೆ ಮಾತ್ರ ಮೀಸಲಾದುದಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ.

೪

ತಗಡಿನ ತಿರುಪುಗಳನ್ನು ಸಡಿಲಿಸಿ ದಂಡಿಯನ್ನು ಹೊರತೆಗೆದರೆ ಅದರ ಬುಡದಲ್ಲಿ ಬೇರೊಂದು ಬರಹವು ದೊರೆಯುತ್ತದೆ. ೧೯೬೨ರ ಆರಂಭದವರೆಗೆ ಇದನ್ನು ಸಾಮಾನ್ಯವಾಗಿ ಸೀಸದಕಡ್ಡಿಯಿಂದ ಬರೆಯುತ್ತಿದ್ದರು: ತಿಂಗಳು, ವರ್ಷ, ಕೆಲವು ವೇಳೆ ದಿನ, ಹಾಗೂ ದಂಡಿಯನ್ನು ತಿದ್ದಿದವನ ಹೆಸರಿನ ಮೊದಲಕ್ಷರಗಳು. ೧೯೫೦ರ ದಶಕದ ಅನೇಕ ದಂಡಿಗಳಲ್ಲಿ ಕಾಣುವ ‘ಟಿ. ಜಿ.’ ಎಂಬ ಅಕ್ಷರಗಳು ಟಡೇಯೋ ಗೋಮೆಜ್ ಎಂಬ ಕೆಲಸಗಾರನವು. ಆತನ ಹೆಸರು ಕಾರ್ಖಾನೆಯ ಯಾವ ಜಾಹೀರಾತಿಗೂ ಸೇರತಕ್ಕದ್ದಾಗಿರಲಿಲ್ಲ. ಕೊಂಡವನು ದಂಡಿಯನ್ನು ಬಿಚ್ಚಿ ನೋಡುವನೆಂಬ ಕಲ್ಪನೆಯೂ ಅಂದು ಇರಲಿಲ್ಲ. ಕಾರ್ಖಾನೆಯೊಳಗಿನ ಲೆಕ್ಕಕ್ಕಾಗಿ ಮಾತ್ರ ಬರೆದ ಈ ಗುರುತೇ ಇಂದು ಇತಿಹಾಸಕಾರನಿಗೆ ಆಧಾರವಾಗಿದೆ. ಒಬ್ಬ ಶ್ರಮಜೀವಿಯ ಕೈಬರಹವು ಯಜಮಾನನ ಮುದ್ರೆಗಿಂತ ಹೆಚ್ಚು ಮಾನ್ಯವಾಗಿದೆ. ಶಾಸನದ ಕೊನೆಯಲ್ಲಿ ತನ್ನ ಹೆಸರನ್ನು ಸೇರಿಸುವ ರೂವಾರಿಯನ್ನು ಬಲ್ಲ ಕನ್ನಡಿಗರಿಗೆ ಇದು ಅಪರಿಚಿತವಾದ ಭಾವವಲ್ಲ.

೧೯೬೨ರ ಮಾರ್ಚಿಯಿಂದೀಚೆಗೆ ಸೀಸದಕಡ್ಡಿಯ ಬದಲು ರಬ್ಬರ್ ಮೊಹರು ಬಂದಿತು. ಇಲ್ಲಿ ಓದುಗನು ಎಡವುವ ಸಂಭವವು ಹೆಚ್ಚು. ‘೨ ಜನವರಿ ೬೪ ಬಿ’ ಎಂಬ ಮೊಹರನ್ನು ಕಂಡವನು ಇದು ೧೯೬೪ರ ಜನವರಿ ಎರಡನೆಯ ತಾರೀಖೆಂದು ಓದುವುದು ಸ್ವಾಭಾವಿಕ. ಆದರೆ ಇಲ್ಲಿಯ ‘೨’ ಎಂಬುದು ದಿನವಲ್ಲ. ಅದು ದಂಡಿಯು ಯಾವ ಮಾದರಿಯ ವಾದ್ಯಕ್ಕೆ ಸೇರಿದುದೆಂಬುದರ ಸಂಕೇತ, ಅಂದರೆ ಸ್ಟ್ರ್ಯಾಟೋಕ್ಯಾಸ್ಟರ್ ಎಂದರ್ಥ. ಕೊನೆಯ ‘ಬಿ’ ಎಂಬುದು ಮೇರುವಿನ ಬಳಿಯಲ್ಲಿ ದಂಡಿಯ ಅಗಲವನ್ನು ಹೇಳುತ್ತದೆ. ‘ಎ’ ಎಂದರೆ ಒಂದೂವರೆ ಅಂಗುಲ. ಮುಂದಿನ ಒಂದೊಂದು ಅಕ್ಷರಕ್ಕೂ ಅಂಗುಲದ ಎಂಟನೆಯ ಒಂದು ಭಾಗ ಹೆಚ್ಚು. ಭೂತಸಂಖ್ಯೆಗಳಲ್ಲಿ ಹೇಳಿದ ಶಕವರ್ಷವನ್ನು ಬಲದಿಂದ ಎಡಕ್ಕೆ ಎಣಿಸಬೇಕೆಂಬುದನ್ನರಿಯದವನು ಹೇಗೆ ಅಪಾರ್ಥಕ್ಕೆ ಗುರಿಯಾಗುವನೋ ಹಾಗೆಯೇ ಇಲ್ಲಿಯೂ ಪರಿಭಾಷೆಯನ್ನರಿಯದವನು ಮಾದರಿಯನ್ನು ದಿನವೆಂದು ಭ್ರಮಿಸುವನು. ಅಕ್ಷರಜ್ಞಾನ ಬೇರೆ, ಸಂಕೇತಜ್ಞಾನ ಬೇರೆ.

ಆದರೂ ದಂಡಿಯ ಬರಹವು ದಂಡಿಯ ಕಾಲವನ್ನು ಮಾತ್ರ ಹೇಳಬಲ್ಲುದೇ ಹೊರತು ವಾದ್ಯದ ಕಾಲವನ್ನಲ್ಲ. ತಯಾರಾದ ದಂಡಿಯು ಒಡಲನ್ನು ಕೂಡುವುದಕ್ಕೆ ಮೊದಲು ಕೆಲವು ಕಾಲ ಕಾರ್ಖಾನೆಯಲ್ಲಿಯೇ ಬಿದ್ದಿರಬಹುದು. ಅಲ್ಲದೆ ಬೇರೊಂದು ವಾದ್ಯದ ದಂಡಿಯನ್ನು ಅನಂತರ ಯಾರಾದರೂ ತಂದು ಬಿಗಿದಿರಲೂಬಹುದು. ಎರಡು ಕಟ್ಟುಗಳ ಓಲೆಗಳು ಒಂದೇ ದಾರದಲ್ಲಿ ಸೇರಿಹೋದಂತೆ.

೫

ಗಿಬ್ಸನ್ ಕಾರ್ಖಾನೆಯ ಪದ್ಧತಿಯು ಇದಕ್ಕಿಂತ ಜಟಿಲವಾದುದು. ೧೯೫೨ರಲ್ಲಿ ಹೊರಟ ಮೊದಲ ಲೆಸ್ ಪಾಲ್ ಗಿಟಾರುಗಳಿಗೆ ಸಂಖ್ಯೆಯೇ ಇರಲಿಲ್ಲ. ೧೯೫೩ರಿಂದ ೧೯೬೧ರವರೆಗೆ ಗಟ್ಟಿಯೊಡಲಿನ ವಾದ್ಯಗಳ ತಲೆಯ ಹಿಂಬದಿಯಲ್ಲಿ ಮಸಿಯಿಂದ ಸಂಖ್ಯೆಯನ್ನು ಒತ್ತಿದರು. ಅದರ ಮೊದಲ ಅಂಕವು ವರ್ಷದ ಕೊನೆಯ ಅಂಕ. ‘೯’ ಎಂದು ಆರಂಭವಾದರೆ ೧೯೫೯. ಇದೇ ಕಾಲದಲ್ಲಿ ಟೊಳ್ಳೊಡಲಿನ ವಿದ್ಯುತ್ ಗಿಟಾರುಗಳ ಒಳಗೆ, ನಾದರಂಧ್ರದ ಮೂಲಕ ಇಣುಕಿದರೆ ಮಾತ್ರ ಕಾಣುವಂತೆ, ಕಾರ್ಖಾನೆಯ ಆಜ್ಞಾಸಂಖ್ಯೆಯನ್ನು ಒತ್ತುತ್ತಿದ್ದರು. ಇದರಲ್ಲಿ ವರ್ಷವನ್ನು ಸೂಚಿಸುವ ಅಕ್ಷರಗಳು ಇಂಗ್ಲಿಷ್ ವರ್ಣಮಾಲೆಯ ಕೊನೆಯಿಂದ ಹಿಂದಕ್ಕೆ ನಡೆಯುತ್ತವೆ: ‘ಝಡ್’ ೧೯೫೨, ‘ವೈ’ ೧೯೫೩, ‘ಎಕ್ಸ್’ ೧೯೫೪, ಹೀಗೆ ‘ಎಸ್’ ೧೯೫೯, ‘ಆರ್’ ೧೯೬೦, ‘ಕ್ಯೂ’ ೧೯೬೧. ಫೆಂಡರನಲ್ಲಿ ಎಪ್ಪತ್ತರ ದಶಕವನ್ನು ಹೇಳುವ ‘ಎಸ್’ ಅಕ್ಷರವೇ ಇಲ್ಲಿ ೧೯೫೯ನೆಯ ವರ್ಷವನ್ನು ಹೇಳುತ್ತದೆಂಬುದನ್ನು ಗಮನಿಸಬೇಕು. ಒಂದು ಮನೆಯ ಸಂಕೇತದಿಂದ ಮತ್ತೊಂದು ಮನೆಯ ಲಿಪಿಯನ್ನು ಓದಬಾರದು.

೧೯೬೧ರಿಂದ ಸಂಖ್ಯೆಯನ್ನು ಮರದಲ್ಲಿಯೇ ಅಚ್ಚೊತ್ತತೊಡಗಿದರು. ಆದರೆ ೧೯೬೩ರಿಂದ ೧೯೬೯ರವರೆಗಿನ ಅವಧಿಯಲ್ಲಿ ಒಂದೇ ಸಂಖ್ಯೆಯನ್ನು ಬೇರೆಬೇರೆ ವರ್ಷಗಳಲ್ಲಿ ಮತ್ತೆ ಮತ್ತೆ ಉಪಯೋಗಿಸಿದ್ದರಿಂದ ಸಂಖ್ಯೆಯೊಂದರಿಂದಲೇ ಆ ಕಾಲದ ಗಿಬ್ಸನ್ ವಾದ್ಯದ ವರ್ಷವನ್ನು ಹೇಳುವುದು ಅಸಾಧ್ಯವಾಗಿದೆ. ೧೯೭೫ರಿಂದ ಮೂರು ವರ್ಷಗಳ ಕಾಲ ಅಂಟಿಸಿದ ಮುದ್ರೆಯ ಮೇಲೆ ೯೯, ೦೦, ೦೬ ಎಂಬ ಪೂರ್ವಾಂಕಗಳು ಕ್ರಮವಾಗಿ ೧೯೭೫, ೧೯೭೬, ೧೯೭೭ನ್ನು ಸೂಚಿಸಿದುವು. ಅಂಕಕ್ಕೂ ವರ್ಷಕ್ಕೂ ಇಲ್ಲಿ ಯಾವ ಸಹಜಸಂಬಂಧವೂ ಇಲ್ಲ. ೧೯೭೭ರಲ್ಲಿಯೇ ಎಂಟು ಅಂಕಗಳ ಶಾಸ್ತ್ರೀಯವಾದ ಪದ್ಧತಿಯು ಬಂದಿತು. ಇದರಲ್ಲಿ ಒಂದನೆಯ ಮತ್ತು ಐದನೆಯ ಅಂಕಗಳು ವರ್ಷ. ನಡುವಿನ ಮೂರು, ವರ್ಷದಲ್ಲಿ ಎಷ್ಟನೆಯ ದಿನವೆಂಬುದು. ಕೊನೆಯ ಮೂರು, ಆ ದಿನದ ವಾದ್ಯದ ಕ್ರಮ. ಆರಂಭದ ವರ್ಷಗಳಲ್ಲಿ ಕೊನೆಯ ಮೂರಂಕಗಳು ೫೦೦ಕ್ಕೆ ಕಡಿಮೆಯಾಗಿದ್ದರೆ ಕಲಮಜೂ, ೫೦೦ ಅಥವಾ ಹೆಚ್ಚಾಗಿದ್ದರೆ ಟೆನೆಸ್ಸೀ ಪ್ರಾಂತದ ನ್ಯಾಷ್‌ವಿಲ್. ಹೀಗೆ ೮೨೦೦೦೫೧೨ ಎಂಬುದನ್ನು ಬಿಡಿಸಿದರೆ ೧೯೮೦ನೆಯ ವರ್ಷದ ಇನ್ನೂರನೆಯ ದಿನ, ಎಂದರೆ ಜುಲೈ ೧೮, ನ್ಯಾಷ್‌ವಿಲ್ ಕಾರ್ಖಾನೆ ಎಂದು ಫಲಿಸುತ್ತದೆ. ಕಲಮಜೂ ಕಾರ್ಖಾನೆಯು ೧೯೮೪ರಲ್ಲಿ ಮುಚ್ಚಿತು.

ವರ್ಷವನ್ನು ಒಂದೇ ಅಂಕದಿಂದ ಸೂಚಿಸುವ ಪದ್ಧತಿಯ ದೋಷವು ಅರುವತ್ತು ಸಂವತ್ಸರಗಳ ಚಕ್ರವನ್ನು ಬಲ್ಲವರಿಗೆ ಕೂಡಲೇ ಹೊಳೆಯುವುದು. ಶಕವರ್ಷವಿಲ್ಲದೆ ‘ವಿಕಾರಿ ಸಂವತ್ಸರ’ ಎಂದಷ್ಟೇ ಹೇಳಿದ ಶಾಸನವು ಅರುವತ್ತು ವರ್ಷಗಳಿಗೊಮ್ಮೆ ಬರುವ ಯಾವ ವಿಕಾರಿಗಾದರೂ ಸೇರಬಹುದು. ಇಲ್ಲಿ ಚಕ್ರವು ಹತ್ತೇ ವರ್ಷಗಳದು. ೧೯೯೩ರಿಂದ ಗಿಬ್ಸನ್ ಕಾರ್ಖಾನೆಯೇ ೧೯೫೯ರ ಮಾದರಿಯನ್ನು ಅನುಸರಿಸಿ ಹೊಸ ವಾದ್ಯಗಳನ್ನು ತಯಾರಿಸಿ, ಅವುಗಳ ಮೇಲೆಯೂ ಮಸಿಯಿಂದಲೇ ೯ರಿಂದ ಆರಂಭವಾಗುವ ಸಂಖ್ಯೆಯನ್ನು ಒತ್ತಿತು. ಎರಡನೆಯ ಅಂಕವು ಹೊಸ ವರ್ಷದ ಸೂಚನೆ. ಹಾಗಾಗಿ ‘೯ ೩೦೧೨’ ಎಂಬಂತಹ ಸಂಖ್ಯೆಯನ್ನು ೧೯೫೯ ಎಂದೂ ಓದಬಹುದು, ೧೯೯೩ ಎಂದೂ ಓದಬಹುದು. ಈ ಅನುಕರಣದ ವಾದ್ಯಗಳ ಒಡಲಿನೊಳಗೆ, ಮುಚ್ಚಳವನ್ನು ತೆಗೆದರೆ ಕಾಣುವ ಕುಳಿಯಲ್ಲಿ, ‘ಆರ್ ೯’ ಎಂಬ ಮುದ್ರೆಯಿರುವುದುಂಟು. ಹೊರಗಿನ ಬರಹವು ಸಂದೇಹವನ್ನು ಹುಟ್ಟಿಸಿದರೆ ಒಳಗಿನದು ಅದನ್ನು ಪರಿಹರಿಸುತ್ತದೆ.

೬

ಇನ್ನು ಪೊಟೆನ್ಷಿಯೋಮೀಟರುಗಳ ವಿಷಯ. ಇವುಗಳನ್ನು ಗಿಟಾರಿನ ಕಾರ್ಖಾನೆಗಳು ತಾವೇ ಮಾಡುತ್ತಿರಲಿಲ್ಲ. ರೇಡಿಯೋ ಸಾಮಗ್ರಿಗಳನ್ನು ತಯಾರಿಸುವವರಿಂದ ಕೊಳ್ಳುತ್ತಿದ್ದುವು. ಅಮೆರಿಕಾದ ಆ ಉದ್ಯಮದವರೆಲ್ಲರೂ ಒಪ್ಪಿದ ಒಂದು ಸಾಮಾನ್ಯಸಂಕೇತದಂತೆ ಮೊದಲ ಮೂರು ಅಂಕಗಳು ತಯಾರಕನನ್ನೂ, ಮುಂದಿನ ಒಂದು ಅಥವಾ ಎರಡು ಅಂಕಗಳು ವರ್ಷವನ್ನೂ, ಕೊನೆಯ ಎರಡು ವಾರವನ್ನೂ ಹೇಳುತ್ತವೆ. ೧೩೭ ಎಂದರೆ ಸಿ. ಟಿ. ಎಸ್., ೩೦೪ ಎಂದರೆ ಸ್ಟ್ಯಾಕ್‌ಪೋಲ್. ೧೩೭೬೬೨೯ ಎಂಬುದು ಸಿ. ಟಿ. ಎಸ್. ಕಾರ್ಖಾನೆಯಲ್ಲಿ ೧೯೬೬ರ ಇಪ್ಪತ್ತೊಂಬತ್ತನೆಯ ವಾರದಲ್ಲಿ ತಯಾರಾದುದು.

ಈ ಸಾಕ್ಷಿಯ ವಿಶೇಷವೇನೆಂದರೆ, ಗಿಟಾರಿನ ಬೆಲೆಯಲ್ಲಿ ಇದನ್ನು ಬರೆದವನಿಗೆ ಯಾವ ಆಸಕ್ತಿಯೂ ಇರಲಿಲ್ಲ. ಆದುದರಿಂದ ಇದು ತಟಸ್ಥವಾದ ಸಾಕ್ಷಿ. ಆದರೆ ಇದರ ವ್ಯಾಪ್ತಿಯು ಪರಿಮಿತ. ವಾದ್ಯವು ಈ ವಾರಕ್ಕಿಂತ ಹಿಂದಿನದಲ್ಲ ಎಂಬುದನ್ನು ಮಾತ್ರ ಇದು ಸಿದ್ಧಪಡಿಸುತ್ತದೆ. ಎಷ್ಟು ಮುಂದಿನದೆಂಬುದನ್ನು ಹೇಳಲಾರದು. ಫೆಂಡರ್ ಕಾರ್ಖಾನೆಯು ೧೯೬೬ರಲ್ಲಿ ಇವುಗಳನ್ನು ಅಪಾರಸಂಖ್ಯೆಯಲ್ಲಿ ಕೊಂಡು ಕೂಡಿಟ್ಟುದರಿಂದ ಆ ದಶಕದ ಕೊನೆಯವರೆಗೂ ೧೯೬೬ರ ಗುರುತುಳ್ಳ ಉಪಕರಣಗಳೇ ಹೊಸ ವಾದ್ಯಗಳಲ್ಲಿ ಕಾಣಿಸುತ್ತವೆ. ಕೇವಲ ಇದನ್ನು ನಂಬಿ ೧೯೬೯ರ ಗಿಟಾರನ್ನು ೧೯೬೬ರದೆಂದು ಹೇಳಿದರೆ ಪ್ರಮಾಣವು ತಪ್ಪಿದಂತಾಗದು, ಪ್ರಮಾಣವನ್ನು ಅದರ ಎಲ್ಲೆ ಮೀರಿ ಎಳೆದವನು ತಪ್ಪಿದಂತಾಗುತ್ತದೆ. ಇದಲ್ಲದೆ ಬೆಸುಗೆಯು ಮೂಲದ್ದೇ, ಅನಂತರ ಯಾರಾದರೂ ಕೈಯಾಡಿಸಿದ್ದಾರೆಯೇ ಎಂಬುದನ್ನು ನೋಡಿದ ಮೇಲೆಯೇ ಈ ಅಂಕಕ್ಕೆ ಬೆಲೆ.

೭

ಬರಹವು ಪ್ರಾಮಾಣಿಕವಾದ ಕಾರ್ಖಾನೆಯದೇ ಆಗಿದ್ದು, ಮೂಲದ್ದೇ ಆಗಿದ್ದು, ಆದರೂ ಅಸತ್ಯವಾಗಿರುವ ಪ್ರಸಂಗವೂ ಒಂದುಂಟು. ಗಿಬ್ಸನ್ ಕಾರ್ಖಾನೆಯ ಸೆತ್ ಲವರ್ ಎಂಬ ತಂತ್ರಜ್ಞನು ಗುಂಯ್‌ಗುಟ್ಟುವಿಕೆಯನ್ನು ನಿವಾರಿಸುವ ಎರಡು ಸುರುಳಿಗಳ ಪಿಕಪ್ಪನ್ನು ನಿರ್ಮಿಸಿ ೧೯೫೫ರಲ್ಲಿ ಪೇಟೆಂಟ್ ಹಕ್ಕಿಗಾಗಿ ಅರ್ಜಿಯನ್ನು ಸಲ್ಲಿಸಿದನು. ೧೯೫೯ರ ಜುಲೈ ತಿಂಗಳಲ್ಲಿ ೨೮೯೬೪೯೧ನೆಯ ಸಂಖ್ಯೆಯಲ್ಲಿ ಹಕ್ಕು ದೊರೆಯಿತು. ಆದರೂ ಪಿಕಪ್ಪಿನ ತಳದಲ್ಲಿ ‘ಪೇಟೆಂಟಿಗೆ ಅರ್ಜಿ ಸಲ್ಲಿಸಿದೆ’ ಎಂಬರ್ಥದ ಚೀಟಿಯನ್ನೇ ೧೯೬೨ರ ಸುಮಾರಿನವರೆಗೂ ಅಂಟಿಸುತ್ತ ಬಂದರು. ಅನಂತರ ಬಂದ ಚೀಟಿಯಲ್ಲಿ ಹಕ್ಕಿನ ಸಂಖ್ಯೆಯೇನೋ ಇದೆ. ಆದರೆ ಅದು ೨೭೩೭೮೪೨. ಇದು ಪಿಕಪ್ಪಿನ ಸಂಖ್ಯೆಯೇ ಅಲ್ಲ. ಲೆಸ್ ಪಾಲ್ ಎಂಬ ಪ್ರಸಿದ್ಧ ವಾದಕನು ಪಡೆದ, ತಂತಿಗಳನ್ನು ಹಿಡಿಯುವ ಕುದುರೆಯ ಹಕ್ಕಿನ ಸಂಖ್ಯೆ. ಪ್ರತಿಸ್ಪರ್ಧಿಗಳನ್ನು ದಾರಿತಪ್ಪಿಸಲು ಬೇಕೆಂದೇ ಹೀಗೆ ಮಾಡಿದರೆಂದು ಕೆಲವರೂ, ಬರೆಯುವವನ ಪ್ರಮಾದವೆಂದು ಕೆಲವರೂ ಹೇಳುತ್ತಾರೆ. ಯಾವುದಾದರೂ ಆಗಲಿ, ಈ ತಪ್ಪು ಸಂಖ್ಯೆಯೇ ಆ ಕಾಲದ ಪಿಕಪ್ಪಿನ ಒಂದು ನೈಜಲಕ್ಷಣವಾಗಿ ಪರಿಣಮಿಸಿದೆ. ‘ತಿದ್ದಿದ’ ಸಂಖ್ಯೆಯುಳ್ಳ ಚೀಟಿಯನ್ನು ಯಾರಾದರೂ ತಂದರೆ ಪರೀಕ್ಷಕನು ಸಂಶಯಪಡುವನು. ಪಾಠಶೋಧನದಲ್ಲಿ ಕ್ಲಿಷ್ಟಪಾಠಕ್ಕೆ ಗೌರವವು ಸಲ್ಲುವ ಹಾಗೆ ಇಲ್ಲಿ ಅಪಪಾಠವೇ ಮೂಲಪಾಠವಾಗಿದೆ.

ಬರಹದ ಅಭಾವವೂ ಕಾಲಜ್ಞಾಪಕವಾಗಬಹುದು. ಫೆಂಡರನು ೧೯೫೦ರಲ್ಲಿ ತನ್ನ ಎರಡು ಪಿಕಪ್ಪುಗಳ ಗಿಟಾರಿಗೆ ಬ್ರಾಡ್‌ಕ್ಯಾಸ್ಟರ್ ಎಂದು ಹೆಸರಿಟ್ಟನು. ಗ್ರೆಚ್ ಎಂಬ ಮತ್ತೊಂದು ಕಾರ್ಖಾನೆಯು ಇದೇ ಉಚ್ಚಾರದ ಹೆಸರನ್ನು ತನ್ನ ಮದ್ದಳೆಗಳಿಗೆ ಮೊದಲೇ ಇಟ್ಟಿದ್ದುದರಿಂದ ೧೯೫೧ರ ಫೆಬ್ರುವರಿಯಲ್ಲಿ ತಂತಿಸಮಾಚಾರದ ಮೂಲಕ ಆಕ್ಷೇಪಿಸಿತು. ಹೊಸ ಹೆಸರು ಬರುವವರೆಗೆ ಫೆಂಡರ್ ಕಾರ್ಖಾನೆಯವರು ಅಚ್ಚಾಗಿದ್ದ ಮುದ್ರೆಗಳಿಂದ ಮಾದರಿಯ ಹೆಸರನ್ನು ಕತ್ತರಿಸಿ, ‘ಫೆಂಡರ್’ ಎಂಬಷ್ಟನ್ನೇ ಅಂಟಿಸಿದರು. ಅದೇ ವರ್ಷದಲ್ಲಿ ಟೆಲಿಕ್ಯಾಸ್ಟರ್ ಎಂಬ ಹೆಸರು ನಿಂತಿತು. ನಡುವಿನ ಕೆಲವೇ ತಿಂಗಳುಗಳ ಹೆಸರಿಲ್ಲದ ವಾದ್ಯಗಳನ್ನು ಸಂಗ್ರಾಹಕರು ಇಂದು ‘ನೋಕ್ಯಾಸ್ಟರ್’ ಎಂದು ಕರೆದು ವಿಶೇಷವಾಗಿ ಆದರಿಸುತ್ತಾರೆ.

೮

ಮೇಲ್ಕಂಡ ಸಾಕ್ಷ್ಯಗಳನ್ನು ತೂಗಿ ನೋಡುವಾಗ ಮೀಮಾಂಸಕರ ಒಂದು ನ್ಯಾಯವು ನೆನಪಿಗೆ ಬರುತ್ತದೆ. ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯೆ ಎಂಬ ಆರು ಪ್ರಮಾಣಗಳು ಒಂದಕ್ಕೊಂದು ವಿರೋಧಿಸಿದಲ್ಲಿ ಹಿಂದಿನದು ಪ್ರಬಲ, ಮುಂದಿನದು ದುರ್ಬಲ. ಸಮಾಖ್ಯೆ, ಎಂದರೆ ಕೇವಲ ಹೆಸರು, ಎಲ್ಲಕ್ಕಿಂತ ದುರ್ಬಲವೆಂದು ಅವರ ಸಿದ್ಧಾಂತ. ಗಿಟಾರಿನ ತಲೆಯ ಮೇಲಿರುವ ಹೆಸರೂ ಹಾಗೆಯೇ ದುರ್ಬಲವಾದುದು; ಅಂಟಿಸುವ ಮುದ್ರೆಯನ್ನು ಯಾರು ಬೇಕಾದರೂ ಅಚ್ಚುಹಾಕಿಸಬಹುದು. ಅದಕ್ಕಿಂತ ತುಸು ಬಲವುಳ್ಳದು ತಗಡಿನ ಸಂಖ್ಯೆ. ಆದರೆ ನಾಲ್ಕು ತಿರುಪುಗಳನ್ನು ತೆಗೆದರೆ ತಗಡೂ ಬದಲಾಗುತ್ತದೆ. ಒಳಗಿನ ಉಪಕರಣಗಳ ಅಂಕವು ಅದಕ್ಕಿಂತ ಮೇಲು. ದಂಡಿಯ ಬುಡದಲ್ಲಿಯೂ ಒಡಲಿನ ಕುಳಿಯಲ್ಲಿಯೂ ಇರುವ ಕೈಬರಹವು ಮತ್ತೂ ಪ್ರಬಲ. ಇವೆಲ್ಲಕ್ಕೂ ಮೇಲಾಗಿ ನಿಲ್ಲುವುದು ಮರ, ಮೆರುಗು, ಕೆತ್ತನೆ, ಬೆಸುಗೆ ಮುಂತಾದ ನಿರ್ಮಾಣಲಕ್ಷಣಗಳ ಸಾಮರಸ್ಯ. ಹಳೆಯ ಮೆರುಗೆಣ್ಣೆಯು ಅತಿನೇರಳೆ ಬೆಳಕಿನಲ್ಲಿ ಒಂದು ಬಗೆಯಾಗಿ ಹೊಳೆಯುವುದು. ಹೊಸದಾಗಿ ಬಳಿದ ಅಥವಾ ತಿದ್ದಿದ ಭಾಗವು ಬೇರೆಯಾಗಿ ಕಾಣುವುದು. ಅಂಕವನ್ನು ತಿದ್ದುವುದು ಸುಲಭ. ಅದರ ಸುತ್ತಲಿನ ಎಲ್ಲ ಲಕ್ಷಣಗಳನ್ನೂ ಅದಕ್ಕೆ ಹೊಂದಿಸುವುದು ದುಷ್ಕರ. ಜಾರ್ಜ್ ಗ್ರೂನ್ ಮತ್ತು ವಾಲ್ಟರ್ ಕಾರ್ಟರ್ ಇವರು ೧೯೯೧ರಲ್ಲಿ ಪ್ರಕಟಿಸಿದ ಕೈಪಿಡಿಯು ಸಂಖ್ಯೆಗಳ ಪಟ್ಟಿಯೊಡನೆ ಪ್ರತಿಯೊಂದು ಮಾದರಿಯ ಲಕ್ಷಣಗಳನ್ನೂ ವರ್ಷಕ್ರಮದಲ್ಲಿ ವರ್ಣಿಸಿರುವುದು ಈ ಕಾರಣದಿಂದಲೇ.

ಎಲ್ಲ ಸಾಕ್ಷ್ಯಗಳೂ ಒಂದೇ ವರ್ಷವನ್ನು ಹೇಳದೆ ಇದ್ದರೆ ವಾದ್ಯವು ಕಪಟವೆಂದು ಒಡನೆಯೇ ನಿರ್ಣಯಿಸಲೂ ಆಗದು. ಎರಿಕ್ ಕ್ಲ್ಯಾಪ್ಟನ್ ಎಂಬ ಆಂಗ್ಲ ವಾದಕನು ೧೯೭೦ರಲ್ಲಿ ನ್ಯಾಷ್‌ವಿಲ್ಲಿನಲ್ಲಿ ಕೊಂಡ ಹಳೆಯ ಸ್ಟ್ರ್ಯಾಟೋಕ್ಯಾಸ್ಟರುಗಳಲ್ಲಿ ಮೂರರ ಉತ್ತಮಭಾಗಗಳನ್ನು ಕೂಡಿಸಿ ಒಂದು ವಾದ್ಯವನ್ನು ಮಾಡಿಸಿದನು. ‘ಬ್ಲ್ಯಾಕಿ’ ಎಂದು ಹೆಸರಾದ ಅದು ೨೦೦೪ರ ಹರಾಜಿನಲ್ಲಿ ೯,೫೯,೫೦೦ ಡಾಲರಿಗೆ ಮಾರಾಟವಾಯಿತು. ಅದರ ಸಂಕರಸ್ವರೂಪವು ಎಲ್ಲರಿಗೂ ತಿಳಿದುದೇ, ಅದರಲ್ಲಿ ಮೋಸವಿಲ್ಲ. ಹಾಗೆಯೇ ೧೯೫೦ರ ದಶಕದ ಚಿನ್ನದ ಬಣ್ಣದ ಲೆಸ್ ಪಾಲ್ ಗಿಟಾರಿಗೆ ೧೯೫೯ರ ರೀತಿಯ ಬಣ್ಣವನ್ನು ಹಾಕಿಸಿ, ಹಾಕಿಸಿದುದನ್ನು ಹೇಳಿ ಮಾರುವವನು ಜೀರ್ಣೋದ್ಧಾರ ಮಾಡಿದವನೆನ್ನಬಹುದು. ಅದರ ತಲೆಯ ಹಿಂದಿನ ‘೭’ನ್ನು ಅಳಿಸಿ ‘೯’ನ್ನು ಒತ್ತುವವನು ಮಾತ್ರ ಕೂಟ ಲೇಖಕ. ಒಬ್ಬನು ಮರವನ್ನು ಬದಲಿಸಿದನು, ಮತ್ತೊಬ್ಬನು ಸಾಕ್ಷ್ಯವನ್ನು ಬದಲಿಸಿದನು.

೯

ಈವರೆಗಿನ ವಿಚಾರದಿಂದ ಸಿದ್ಧವಾಗುವ ಅಂಶಗಳನ್ನು ಹೀಗೆ ಸಂಗ್ರಹಿಸಬಹುದು. ಒಂದನೆಯದಾಗಿ, ಕಾರ್ಖಾನೆಯ ಅಂಕಗಳು ಇತಿಹಾಸಕ್ಕಾಗಿ ಬರೆದವುಗಳಲ್ಲ. ಆದುದರಿಂದ ಪ್ರತಿಯೊಂದರ ಮೂಲಪ್ರಯೋಜನವನ್ನರಿತು ಓದಬೇಕು. ಎರಡನೆಯದಾಗಿ, ಯಾವ ಬರಹವು ಕೊಳ್ಳುವವನ ಕಣ್ಣಿಗೆಂದು ಇದೆಯೋ ಅದು ಸಾಮಾನ್ಯವಾಗಿ ದುರ್ಬಲ. ಯಾವುದು ಕೆಲಸಗಾರರ ಪರಸ್ಪರ ವ್ಯವಹಾರಕ್ಕೆಂದು ಇದೆಯೋ ಅದು ಪ್ರಬಲ. ಮೂರನೆಯದಾಗಿ, ಬಿಡಿಭಾಗದ ಅಂಕವು ಆ ಭಾಗದ ಕಾಲವನ್ನು ಮಾತ್ರ ಹೇಳುವುದಲ್ಲದೆ ಇಡೀ ವಾದ್ಯದ ಕಾಲಕ್ಕೆ ಕೆಳಗಿನ ಎಲ್ಲೆಯನ್ನಷ್ಟೇ ಹಾಕುವುದು. ನಾಲ್ಕನೆಯದಾಗಿ, ನಿರ್ಣಯವು ಸಾಕ್ಷ್ಯಗಳ ಸಂವಾದದಿಂದ ಹುಟ್ಟಬೇಕೇ ಹೊರತು ಒಂದೇ ಸಾಕ್ಷಿಯ ಗಟ್ಟಿಧ್ವನಿಯಿಂದಲ್ಲ. ಸಂವಾದವು ದೊರೆಯದ ಕಡೆಯಲ್ಲಿ ವರ್ಷವನ್ನು ಹೇಳುವುದಕ್ಕಿಂತ ಯಾವ ಭಾಗವು ಯಾವ ಕಾಲದ್ದೆಂಬುದನ್ನು ಇದ್ದಂತೆ ವಿವರಿಸುವುದೇ ಪ್ರಾಮಾಣಿಕರ ಮಾರ್ಗ.

ಫುಲ್ಲರ್ಟನ್ನಿನ ಕೆಲಸಗಾರನೊಬ್ಬನು ದಂಡಿಯ ಬುಡದಲ್ಲಿ ತನ್ನ ಹೆಸರಿನ ಎರಡಕ್ಷರಗಳನ್ನೂ ತಿಂಗಳನ್ನೂ ಬರೆದು ಒಡಲಿನೊಳಗೆ ಮುಚ್ಚಿದನು. ದಶಕಗಳ ತರುವಾಯ ಬೆಲೆಯ ಆಸೆಯಿಂದ ಹೊರಗಿನ ಅಂಕಗಳೆಲ್ಲವೂ ಸಂದೇಹಕ್ಕೆ ಗುರಿಯಾದಾಗ ಆ ಎರಡಕ್ಷರಗಳೇ ವಾದ್ಯದ ಪರವಾಗಿ ನಿಂತು ಸಾಕ್ಷಿ ನುಡಿಯುತ್ತಿವೆ. ಹಸ್ತಪ್ರತಿಗಳ ಕಾಲವನ್ನು ಅರಸುವವರಿಗೂ ಗಿಟಾರುಗಳ ಕಾಲವನ್ನು ಅರಸುವವರಿಗೂ ಈ ವಿಷಯದಲ್ಲಿ ಭೇದವಿಲ್ಲ.